ಸುಮ್ಸುಮ್ನೆ ಅಳು ಬರುತ್ತೆ, ಇದು ಬಾಣಂತಿ ಸನ್ನಿನಾ?

ಪ್ರಶ್ನೆ: ನನಗೆ ಹೆರಿಗೆಯಾಗಿ 5 ವಾರ ಆಯಿತು. ತವರಲ್ಲೇ ಇದ್ದೇನೆ. ಅಮ್ಮ ಚೆನ್ನಾಗಿ ಬಾಣಂತನ ಮಾಡುತ್ತಿದ್ದಾರೆ, ಯಾವುದಕ್ಕೂ ಕಮ್ಮಿ ಇಲ್ಲ. ಆದರೂ ಸುಮ್ಸುಮ್ನೆ ಅಳು ಬರುತ್ತೆ. ಮಗು ಮಲಗಿದರೂ ನನಗೆ ನಿದ್ದೆ ಬರಲ್ಲ. ಮಗುವನ್ನು ಎತ್ತಿಕೊಂಡಾಗ ಏನೂ ಅನಿಸಲ್ಲ. ಬಾಯಿಬಿಟ್ಟು ಹೇಳಿದರೆ ಸನ್ನಿ ಹಿಡಿದಿದೆ ಅಂತಾರೇನೋ ಅಂತ ಭಯ. ಇದು ನಿಜವಾಗಿಯೂ ಬಾಣಂತಿ ಸನ್ನಿನಾ? ಮಾತ್ರೆ ತಗೊಂಡರೆ ಎದೆಹಾಲು ಬಿಡಿಸಬೇಕಾ?

ಉತ್ತರ: ನೀವು ಬರೆದಿದ್ದನ್ನು ಓದಿದರೆ ಇದು ಸನ್ನಿಯ ಹಾಗೆ ಕಾಣುತ್ತಿಲ್ಲ. ಆದರೆ ತಾನಾಗೇ ಹೋಗುತ್ತದೆ ಅಂತ ಬಿಟ್ಟುಬಿಡುವಂಥದ್ದೂ ಅಲ್ಲ. ಹಾಲಿನ ವಿಷಯಕ್ಕೆ ಕೊನೆಗೆ ಬರುತ್ತೇನೆ. ಬಿಡಿಸಬೇಕಾದ ಸಂದರ್ಭ ಬಹಳ ಅಪರೂಪ, ಅಷ್ಟಕ್ಕೆ ಸದ್ಯ ನೆಮ್ಮದಿಯಾಗಿರಿ.

ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಲ್ಲಿ ಎಷ್ಟೋ ಹೆಣ್ಣುಮಕ್ಕಳು ಕೇಳುತ್ತಾರೆ. ನಮ್ಮಲ್ಲಿ ಹೆರಿಗೆಯ ನಂತರ ಮನಸ್ಸಿಗೆ ಏನೇ ಆದರೂ ಇರುವುದು ಒಂದೇ ಹೆಸರು. ಮೂರನೇ ದಿನ ಅತ್ತವಳಿಗೂ ಸನ್ನಿ, ತಿಂಗಳುಗಟ್ಟಲೆ ಮಂಕಾಗಿ ಕೂತವಳಿಗೂ ಸನ್ನಿ, ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಅನ್ನುವವಳಿಗೂ ಸನ್ನಿ. ಆ ಪದಕ್ಕೆ ಹೆದರಿ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ನಿಜಕ್ಕೂ ಇವು ಮೂರೂ ಬೇರೆ ಬೇರೆ.

ಮೊದಲನೆಯದು ಹೆರಿಗೆಯಾದ ಮೂರರಿಂದ ಐದನೇ ದಿನದೊಳಗೆ ಬರುವ ಅಳು. ಮಾಸು ಬಿದ್ದ ಮೇಲೆ ಒಂಬತ್ತು ತಿಂಗಳು ಮೈಯಲ್ಲಿ ತುಂಬಿದ್ದ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಒಂದೆರಡು ದಿನದಲ್ಲಿ ಸರ್ರನೆ ಇಳಿದುಬಿಡುತ್ತವೆ. ಅದೇ ಹೊತ್ತಿಗೆ ಎದೆಗೆ ಹಾಲು ತುಂಬಿ ನೋವು, ಹೊಲಿಗೆಯ ನೋವು, ಜೊತೆಗೆ ನಿದ್ದೆಗೇಡು. ಅರ್ಧಕ್ಕಿಂತ ಜಾಸ್ತಿ ತಾಯಂದಿರಿಗೆ ಹೀಗಾಗುತ್ತದೆ. ಎರಡು ವಾರದೊಳಗೆ ಹೋಗುತ್ತದೆ, ಮದ್ದು ಬೇಡ.

ನಿಮ್ಮದು 5 ವಾರ ದಾಟಿದೆ. ಎರಡು ವಾರ ಕಳೆದರೂ ಅಳು, ಮಂಕು ಬಿಡದಿದ್ದರೆ ಅದು ಎರಡನೆಯದು, ಅಂದರೆ ಹೆರಿಗೆ ನಂತರದ ಖಿನ್ನತೆ ಇರಬಹುದು ಅಂತ ನೋಡಬೇಕು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಹೆಚ್ಚು ಬಿದ್ದ ಮಾತು 'ಮಗು ಮಲಗಿದರೂ ನನಗೆ ನಿದ್ದೆ ಬರಲ್ಲ' ಅನ್ನುವುದು. ಮಗು ಎಬ್ಬಿಸುತ್ತೆ ಅಂತ ನಿದ್ದೆ ಕೆಡುವುದು ಎಲ್ಲ ತಾಯಂದಿರ ಪಾಡು. ಮಗು ಮಲಗಿ, ಅಮ್ಮನೂ ಪಕ್ಕದಲ್ಲಿದ್ದು, ಮನೆಯೆಲ್ಲ ಸದ್ದಡಗಿದ ಮೇಲೂ ಕಣ್ಣು ಮುಚ್ಚುವುದಿಲ್ಲ ಅಂದರೆ ಅದು ಬೇರೆ. ಅದನ್ನು ಡಾಕ್ಟರಿಗೆ ಮೊದಲು ಹೇಳಿ.

ಮಗುವಿನ ಮೇಲೆ ಏನೂ ಅನಿಸದೇ ಇರುವುದು ಕೂಡ ಈ ಕಾಯಿಲೆಯ ಒಂದು ಲಕ್ಷಣ. ಜ್ವರದಲ್ಲಿ ಬಾಯಿ ಕಹಿಯಾದರೆ ಊಟದ ತಪ್ಪಲ್ಲ ಅಲ್ವಾ, ಹಾಗೆ. ನೀವು ಕೆಟ್ಟ ತಾಯಿ ಅಂತ ಇದರರ್ಥವಲ್ಲ. ಇನ್ನು ಕೆಲವರಿಗೆ ಮಗು ಕೈಜಾರಿ ಬಿದ್ದುಬಿಟ್ಟರೆ, ಸ್ನಾನದ ನೀರಲ್ಲಿ ಏನಾದರೂ ಆಗಿಬಿಟ್ಟರೆ ಅಂತ ಬೇಡದ ಚಿತ್ರಗಳು ಕಣ್ಮುಂದೆ ಬರುತ್ತವೆ. ಬಂದು ಅವರನ್ನೇ ಹೆದರಿಸುತ್ತವೆ. ಎಷ್ಟೋ ತಾಯಂದಿರಿಗೆ ಇದಾಗುತ್ತದೆ. ಯಾರ ಹತ್ತಿರವೂ ಹೇಳಲಾರದೆ ಒದ್ದಾಡುತ್ತಾರೆ. ನಿಮಗೂ ಹಾಗಿದ್ದರೆ ಹೇಳಲು ಸಂಕೋಚ ಬೇಡ, ಡಾಕ್ಟರು ಇದನ್ನು ಬೇಕಾದಷ್ಟು ಸಲ ಕೇಳಿರುತ್ತಾರೆ.

ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ 2017ರ ಒಂದು ಲೆಕ್ಕದ ಪ್ರಕಾರ ನೂರಕ್ಕೆ ಸುಮಾರು 22 ತಾಯಂದಿರಿಗೆ ಈ ಖಿನ್ನತೆ ಇತ್ತು. ಐದು ಜನ ಬಾಣಂತಿಯರಲ್ಲಿ ಒಬ್ಬರು ಅಂದುಕೊಳ್ಳಿ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚುಕಮ್ಮಿ ಇದನ್ನೇ ಹೇಳಿತು: 23%. ಬಡತನ, ಗಂಡನ ಹೊಡೆತ, ಹುಟ್ಟಿದ್ದು ಹೆಣ್ಣುಮಗು ಅನ್ನುವುದು ಇದ್ದ ಕಡೆ ಜಾಸ್ತಿ ಕಂಡಿತ್ತು. ಹಾಗಂತ ಎಲ್ಲ ಇದ್ದ ಮನೆಯಲ್ಲಿ ಬರುವುದಿಲ್ಲ ಅಂತೇನಿಲ್ಲ. 'ಯಾವುದಕ್ಕೂ ಕಮ್ಮಿ ಇಲ್ಲ' ಅಂತ ಬರೆದು ನಿಮ್ಮನ್ನು ನೀವೇ ಬೈದುಕೊಂಡ ಹಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಮೂರನೆಯದು ನಿಜವಾದ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ, ದಿಢೀರನೆ ಶುರುವಾಗುತ್ತದೆ. ರಾತ್ರಿಗಳು ಕಳೆದರೂ ನಿದ್ದೆಯೇ ಬೇಡ ಅನ್ನುತ್ತಾಳೆ. ಮಾತಿಗೆ ತಲೆಬುಡ ಇರುವುದಿಲ್ಲ. ಊಟದಲ್ಲಿ ಏನೋ ಹಾಕಿದ್ದಾರೆ, ಇದು ನನ್ನ ಮಗುವೇ ಅಲ್ಲ ಅನ್ನುತ್ತಾಳೆ, ಯಾರಿಗೂ ಕೇಳದ ದನಿ ಅವಳಿಗೆ ಕೇಳುತ್ತದೆ. ಇಂಥವಳನ್ನು ಮಗುವಿನ ಜೊತೆ ಒಬ್ಬಳೇ ಬಿಡಬಾರದು, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ದೃಷ್ಟಿ ತೆಗೆಸಿ, ತಾಯಿತ ಕಟ್ಟಿಸಿ ನೋಡೋಣ ಅಂತ ಕಳೆಯುವ ಒಂದೊಂದು ದಿನವೂ ಅಪಾಯ. ಚಿಕಿತ್ಸೆ ಸಿಕ್ಕಿದವರಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗ 2009ರಿಂದ ಇದೆ. ಮಾನಸಿಕ ಆರೋಗ್ಯ ಆಸ್ಪತ್ರೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. 'ಮಗುವನ್ನು ಕಿತ್ತುಕೊಂಡುಬಿಡುತ್ತಾರೆ' ಅಂತ ಹೆದರುವವರಿಗೆ ಇದನ್ನು ಹೇಳಿ.

ಇನ್ನು ಮೈಯ ವಿಷಯ. ಮೈಯನ್ನು ಬಿಟ್ಟು ಬರೀ ಮನಸ್ಸನ್ನು ನೋಡಿದರೆ ಆಗುವುದಿಲ್ಲ. ಹೆರಿಗೆಯ ನಂತರ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ. ಸುಸ್ತು, ಅಳು, ಕೂದಲು ಉದುರುವುದು ಎಲ್ಲ ಅದರಿಂದಲೂ ಆಗಬಹುದು. ರಕ್ತ ಕಡಿಮೆ ಇದ್ದರೂ ಅಷ್ಟೇ, ಏಳೋಕೇ ಆಗದ ಸುಸ್ತು. ಎರಡೂ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ತಗೋಬೇಕು. ಬಹಳ ಜನ ಹೆರಿಗೆಯಾದ ದಿನವೇ ಅದನ್ನು ಮರೆತುಬಿಡುತ್ತಾರೆ.

ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನನ್ನ ಬಾಣಂತನದಲ್ಲಿ ಅಮ್ಮ ಜೀರಿಗೆ ಹಾಕಿ ಕುದಿಸಿದ ನೀರನ್ನು ಚಿಕ್ಕ ಲೋಟದಲ್ಲಿ ಅಳೆದು ಕೊಡುತ್ತಿದ್ದರು. ಊಟಕ್ಕೊಂದು ಲೋಟ, ಅಷ್ಟೇ. ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ ಅಂತ. ಹಾಲು ಕುಡಿಸಿ ಕುಡಿಸಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಒಂದು ರಾತ್ರಿ ಬಚ್ಚಲಿಗೆ ಹೋದವಳು ಹಂಡೆಯಲ್ಲಿ ಉಳಿದಿದ್ದ ಉಗುರುಬೆಚ್ಚಗಿನ ನೀರನ್ನು ಚೊಂಬಿನಲ್ಲಿ ಮೊಗೆದು ನಿಂತಲ್ಲೇ ಕುಡಿದೆ. ಹೊಗೆ ವಾಸನೆ ಬರುತ್ತಿತ್ತು. ಎರಡನೇ ಚೊಂಬೂ ಕುಡಿದೆ. ಅಮ್ಮನ ಮೇಲೆ ನನಗೆ ಕೋಪವಿಲ್ಲ, ಅವರಿಗೂ ಅವರಮ್ಮ ಹಾಗೇ ಮಾಡಿದ್ದರು. ಆದರೆ ಹಸಿ ಬಾಣಂತಿಯ ರಕ್ತ ಮೊದಲೇ ಸುಲಭವಾಗಿ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಮೈಯಲ್ಲಿ ನೀರೂ ಕಡಿಮೆ, ರಕ್ತವೂ ಕಡಿಮೆ ಅಂದರೆ ಮಿದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ವಿಪರೀತ ತಲೆನೋವು, ವಾಂತಿ, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಗೊಂದಲ ಇವು ಅದರ ಗುರುತು. ಇದನ್ನೂ ಸನ್ನಿ ಅಂತ ಮನೆಯಲ್ಲೇ ಇಟ್ಟುಕೊಂಡರೆ ಜೀವಕ್ಕೇ ಕುತ್ತು. ಹಾಗಾಗಿ ಬಾಯಾರಿದಾಗಲೆಲ್ಲ ನೀರು ಕುಡಿಯಿರಿ. ಬಿಸಿನೀರೇ ಆಗಲಿ, ಜೀರಿಗೆ ನೀರೇ ಆಗಲಿ, ಲೋಟ ಎಣಿಸಬೇಡಿ. ಎಣ್ಣೆ ನೀರು, ಮೆಣಸಿನ ಸಾರು, ಮನೆಕೆಲಸದಿಂದ ಬಿಡುವು, ಇವೆಲ್ಲ ಇರಲಿ. ಬಾಣಂತನ ಒಳ್ಳೆಯದೇ.

ಆ ತಲೆನೋವು, ಫಿಟ್ಸ್ ಅಷ್ಟೇ ಅಲ್ಲ, ಜ್ವರ, ವಾಸನೆ ಬರುವ ಸ್ರಾವ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ, ಒಂದೇ ಕಾಲು ಊದಿಕೊಂಡು ನೋಯುವುದು, ಕಣ್ಣು ಮಂಜಾಗುವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಾತ್ರೆ ಮತ್ತು ಹಾಲು. ಖಿನ್ನತೆ ಹಗುರವಾಗಿದ್ದರೆ ಆಪ್ತಸಮಾಲೋಚನೆ, ನಿದ್ದೆ, ಮನೆಯವರ ಒತ್ತಾಸೆ ಇಷ್ಟರಲ್ಲೇ ಎಷ್ಟೋ ಜನ ಸುಧಾರಿಸುತ್ತಾರೆ. ಮಾತ್ರೆ ಬೇಕಾದರೂ ಹಾಲುಣಿಸುವ ತಾಯಂದಿರಿಗೆ ಹೊಂದುವಂಥವು ಇವೆ. ಸರ್ಟ್ರಾಲಿನ್ ಎಂಬ ಮಾತ್ರೆ ಎದೆಹಾಲಿಗೆ ಸೇರುವುದು ಬಹಳ ಕಡಿಮೆ, ಅದಕ್ಕೇ ಡಾಕ್ಟರು ಸಾಮಾನ್ಯವಾಗಿ ಅದನ್ನು ಆರಿಸುತ್ತಾರೆ. ಹಾಲು ಕುಡಿಸುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡಿ. ಯಾರದೋ ಚೀಟಿಯ ಮಾತ್ರೆ ತಗೋಬೇಡಿ, ಶುರುಮಾಡಿದ್ದನ್ನು ನೀವಾಗಿ ನಿಲ್ಲಿಸಲೂಬೇಡಿ.

ಮನೋವೈದ್ಯರನ್ನೇ ಹುಡುಕಿಕೊಂಡು ಹೋಗಬೇಕು ಅಂತಿಲ್ಲ. ಹೆರಿಗೆ ಮಾಡಿಸಿದ ಡಾಕ್ಟರೇ ಸಾಕು, ಅವರು ಬೇಕಾದರೆ ಮುಂದಕ್ಕೆ ಕಳಿಸುತ್ತಾರೆ. ಕಳೆದ ಏಳು ದಿನ ಹೇಗಿದ್ದಿರಿ ಅಂತ ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಕೇಳಬಹುದು. 1987ರಿಂದ ಲೋಕದ ಎಷ್ಟೋ ಕಡೆ ಬಳಕೆಯಲ್ಲಿರುವ ಪಟ್ಟಿ ಅದು. ಅದರ ಹತ್ತನೇ ಪ್ರಶ್ನೆ ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅನ್ನುವುದು. ಬಂದಿದ್ದರೆ ಹೌದು ಅನ್ನಿ. ಈಗಲೇ ಅಂಥ ಯೋಚನೆ ಇದ್ದರೆ ನಾಳೆಗೆ ಕಾಯಬೇಡಿ. ಪಕ್ಕದಲ್ಲಿರುವವರಿಗೆ ಹೇಳಿ, ಆಸ್ಪತ್ರೆಗೆ ಹೊರಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಅಮ್ಮನಿಗೆ ಇವತ್ತೇ ಹೇಳಿ. 'ಖಿನ್ನತೆ' ಅನ್ನುವ ಪದವೂ ಬೇಡ. "ಅಮ್ಮಾ, ಮಗು ಮಲಗಿದ್ರೂ ನಂಗೆ ನಿದ್ದೆ ಬರ್ತಿಲ್ಲ, ಅಳು ನಿಲ್ತಿಲ್ಲ, ಡಾಕ್ಟರ್ ಹತ್ರ ಹೋಗೋಣ" ಅಂದರೆ ಸಾಕು. ರಾತ್ರಿ ಒಂದು ಸಲದ ಹಾಲನ್ನು ಹಿಂಡಿಟ್ಟು, ಆ ಹೊತ್ತಿಗೆ ಮಗುವನ್ನು ಬೇರೆ ಕೋಣೆಯಲ್ಲಿ ಅಮ್ಮನೋ ನಿಮ್ಮ ಯಜಮಾನರೋ ನೋಡಿಕೊಳ್ಳಲಿ. ನಾಲ್ಕೈದು ಗಂಟೆ ನಿಮ್ಮನ್ನು ಯಾರೂ ಎಬ್ಬಿಸದಿರಲಿ. ಎರಡು ದಿನದೊಳಗೆ ಡಾಕ್ಟರನ್ನು ನೋಡಲು ಆದರೆ ಒಳ್ಳೆಯದು. ಏನೇ ಆದರೂ ಮುಂದಿನ ವಾರ ಮಗುವಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಇದೆಯಲ್ಲ, ಅದನ್ನು ದಾಟಿಸಬೇಡಿ. ತಾಯಿ ಕಾರ್ಡ್ ಹಿಡಿದು ಹೋದವರು ಮಗುವಿಗೆ ಚುಚ್ಚಿಸಿಕೊಂಡು ವಾಪಸ್ ಬಂದುಬಿಡಬೇಡಿ. ಅವತ್ತೇ ನಿಮ್ಮ ಹೆಸರಿಗೂ ಒಂದು ಚೀಟಿ ಮಾಡಿಸಿ.