ಒಂದು ಕಡೆ ಅವ್ವ, ಇನ್ನೊಂದು ಕಡೆ ಅಮ್ಮ

ಹೋದ ತಿಂಗಳು ಹರಪನಹಳ್ಳಿ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ದಾವಣಗೆರೆಯ ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಮೆಡಿಕಲ್ ಶಾಪಿನ ಪ್ಲಾಸ್ಟಿಕ್ ಕವರ್. ಒಳಗೆ ಡೆತ್ ಸರ್ಟಿಫಿಕೇಟ್, ಪಹಣಿ, ರೇಷನ್ ಕಾರ್ಡ್, ಮಡಿಕೆಯಲ್ಲಿ ಹರಿದ ಹಳೇ ಕ್ರಯಪತ್ರ, ಜೊತೆಗೆ ಅರ್ಧ ಖಾಲಿಯಾದ ಬಿ.ಪಿ. ಮಾತ್ರೆಯ ಪಟ್ಟಿ. ಕೊರೊನಾ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ತಾಯಿಯನ್ನು ಇಲ್ಲಿಯ ಆಸ್ಪತ್ರೆಗೆ ತಂದಾಗಿನ ಕವರ್ ಅಂತೆ ಅದು. ತಾಯಿ ವಾಪಸ್ ಹೋಗಲಿಲ್ಲ. ಮಕ್ಕಳಿಗೆ ಮಣ್ಣು ಕೊಡೋಕೂ ಆಗಲಿಲ್ಲ. ಈಗ ತಾಯಿಯ ಹೆಸರಲ್ಲಿರೋ ಜಮೀನಿನ ಪಹಣಿಗೆ ಮಕ್ಕಳ ಹೆಸರು ಏರಿಸಬೇಕು, ಅದಕ್ಕೇ ಪೌತಿ ಖಾತೆ ಅನ್ನೋದು.

"ಸರ, ನಮ್ಮವ್ವ ಹೋಗಿದ್ದು ಊರಿಗೆಲ್ಲಾ ಗೊತ್ತೈತಿ. ಆಫೀಸ್ನೋರಿಗೆ ಮಾತ್ರ ಗೊತ್ತಾಗವಲ್ದು" ಅಂದರು.

ಕಾಗದಗಳನ್ನು ಟೇಬಲ್ ಮೇಲೆ ಹರಡಿದೆ. ಡೆತ್ ಸರ್ಟಿಫಿಕೇಟಿನಲ್ಲಿ ತಾಯಿಯ ಹೆಸರಿನ ಕೊನೆಗೆ 'ಅಮ್ಮ' ಅಂತ ಇದೆ. ಪಹಣಿಯಲ್ಲಿ 'ಅವ್ವ'. ಅಷ್ಟೇ ಗಲಾಟೆ. ನಮ್ಮ ಕಡೆ ಒಂದೇ ಹೆಂಗಸು ಊರಲ್ಲಿ ಅವ್ವ, ಆಧಾರ್ ಮಾಡಿಸುವಾಗ ಅಮ್ಮ ಆಗೋದು ಹೊಸದೇನಲ್ಲ. ಅದನ್ನು ನೋಡಿದವರೆಲ್ಲ "ಮೊದಲು ಡೆತ್ ಸರ್ಟಿಫಿಕೇಟ್ ತಿದ್ದುಪಡಿ ಮಾಡಿಸ್ಕೊಂಡು ಬಾ" ಅಂತ ಕಳಿಸಿದ್ದಾರೆ. ಅವರು ಎರಡು ವರ್ಷ ಅದಕ್ಕೇ ಓಡಾಡಿದ್ದಾರೆ.

ನಾನು ಹೇಳಿದ್ದು: ತಿದ್ದಿಸಬೇಡಿ.

ಯಾಕೆ ಅಂದರೆ ಆ ಸರ್ಟಿಫಿಕೇಟಿನ ಹೆಸರು ಆಧಾರ್‌ಗೆ, ಬ್ಯಾಂಕ್ ಪಾಸ್‌ಬುಕ್ಕಿಗೆ, ರೇಷನ್ ಕಾರ್ಡಿಗೆ ಸರಿಯಾಗಿ ಕೂಡುತ್ತದೆ. ಪಹಣಿಯೊಂದಕ್ಕೋಸ್ಕರ ಅದನ್ನು 'ಅವ್ವ' ಮಾಡಿದರೆ ನಾಳೆ ಬ್ಯಾಂಕಿನವರು "ಇವರು ಬೇರೆ, ಅವರು ಬೇರೆ" ಅಂತಾರೆ. ಇಂಥ ಕೇಸಲ್ಲಿ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ, ಗ್ರಾಮ ಆಡಳಿತಾಧಿಕಾರಿ ಮುಂದೆ ಅಕ್ಕಪಕ್ಕದವರ ಹೇಳಿಕೆ ತಗೊಂಡು ಮಹಜರ್ ಮಾಡಿಸೋದು ವಾಸಿ. ತೀರಿಕೊಂಡವರ ಕಾಗದಗಳನ್ನು ಮೊದಲು ಒಟ್ಟಿಗೆ ಇಟ್ಟು ನೋಡಬೇಕು. ಯಾವ ಹೆಸರು ಜಾಸ್ತಿ ಕಡೆ ಇದೆಯೋ ಅದನ್ನು ಮುಟ್ಟಬಾರದು. ಒಂಟಿಯಾಗಿರೋದನ್ನು ಸರಿ ಮಾಡಬೇಕು. ಇದು ಯಾವ ಸೆಕ್ಷನ್ನಿನಲ್ಲೂ ಬರೆದಿಲ್ಲ, ಸುಮ್ನೆ ಕೆಲಸ ಮಾಡ್ತಾ ಮಾಡ್ತಾ ಕಲಿತದ್ದು.

ಕಲಿತದ್ದು ಅಂದೆ, ಆದರೆ ನಾನೇ ಎಡವಿದವನು. ನಮ್ಮ ಅಪ್ಪ ತೀರಿಕೊಂಡದ್ದೂ ಅದೇ ಮೇ ತಿಂಗಳಲ್ಲಿ. ರಾತ್ರಿ ಅಡ್ಮಿಟ್ ಮಾಡುವಾಗ ಕೌಂಟರಿನ ಹುಡುಗ ಹೆಸರು ಕೇಳಿದ, ನಾನು ಮಾಸ್ಕ್ ಒಳಗಿಂದ ಹೇಳಿದೆ, ಅವನು ಪಿಪಿಇ ಕಿಟ್ ಒಳಗಿಂದ ಕೇಳಿಸಿಕೊಂಡ. ಹೆಸರಿನ ಕೊನೆಯ 'ಪ್ಪ' ಹಾರಿಹೋಯಿತು. ಅಡ್ಮಿಷನ್ ಚೀಟಿಯಲ್ಲಿ ಹೋದದ್ದು ಸಾವಿನ ವರದಿಯಲ್ಲೂ ಹೋಯಿತು, ಅಲ್ಲಿಂದ ರಿಜಿಸ್ಟರಿಗೆ. ಇಪ್ಪತ್ತು ವರ್ಷ ಬೇರೆಯವರ ಕಾಗದದಲ್ಲಿ ಕಾಗುಣಿತ ಹುಡುಕಿದವನು ನಾನು. ಅಪ್ಪನ ಕಾಗದ ಓದದೇ ಸಹಿ ಹಾಕಿದ್ದೆ.

ಅಪ್ಪನ ವಿಷಯದಲ್ಲಿ ಮಾತ್ರ ಡೆತ್ ಸರ್ಟಿಫಿಕೇಟನ್ನೇ ತಿದ್ದಿಸಬೇಕಾಯಿತು, ಬೇರೆಲ್ಲಾ ಕಡೆ 'ಪ್ಪ' ಇತ್ತಲ್ಲ. ಜನನ ಮರಣ ನೋಂದಣಿ ಕಾಯ್ದೆ, 1969ರ 15ನೇ ಸೆಕ್ಷನ್ನಿನಲ್ಲಿ ಇದಕ್ಕೆ ದಾರಿ ಇದೆ. ರಿಜಿಸ್ಟ್ರಾರ್ ಹಳೇ ಬರಹವನ್ನು ಅಳಿಸುವ ಹಾಗಿಲ್ಲ, ಪಕ್ಕದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಸಹಿ, ತಾರೀಖು ಹಾಕಬೇಕು. ಹಾಗಾಗಿ ಆ ರಿಜಿಸ್ಟರಿನಲ್ಲಿ ಅಪ್ಪ ಈಗಲೂ 'ಪ್ಪ' ಇಲ್ಲದೇ ಒಂದು ಕಡೆ, ಇದ್ದು ಇನ್ನೊಂದು ಕಡೆ ಇದ್ದಾರೆ.

ಆ ಹೊತ್ತಲ್ಲಿ ಯಾರನ್ನೂ ದೂರೋಕಾಗಲ್ಲ ಬಿಡಿ. 2021ರ ಏಪ್ರಿಲ್ 27ರಿಂದ ಕರ್ಫ್ಯೂ, ಮೇ 10ರಿಂದ ಇನ್ನೂ ಬಿಗಿ. ಜೂನ್ 14ಕ್ಕೆ ಬಹುಪಾಲು ಜಿಲ್ಲೆಗಳಲ್ಲಿ ಸ್ವಲ್ಪ ಸಡಿಲ ಮಾಡಿದಾಗಲೂ ದಾವಣಗೆರೆ ಸೇರಿ 11 ಜಿಲ್ಲೆಗೆ ಸಡಿಲಿಕೆ ಸಿಗಲಿಲ್ಲ. ಈ ಕಡೆ ಸಾವು ನೋಂದಾಯಿಸೋಕೆ ಕಾನೂನು ಕೊಡೋದು 21 ದಿನ. ಅದು ದಾಟಿದರೆ 30 ದಿನದವರೆಗೆ ತಡ ಶುಲ್ಕ, ಆಮೇಲೆ ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ. ಆಸ್ಪತ್ರೆಯಲ್ಲಿ ಹೋದವರ ವರದಿಯನ್ನು ಆಸ್ಪತ್ರೆಯವರೇ ಕೊಡಬೇಕು. ಮನೆಯಲ್ಲಿ ಹೋದವರದ್ದು ಮನೆಯವರ ತಲೆಮೇಲೆ. ಎಷ್ಟೋ ಹಳ್ಳಿಗಳಲ್ಲಿ ವಯಸ್ಸಾದವರು ಮನೆಯಲ್ಲೇ ತೀರಿಕೊಂಡರು, ಹೊಲದಲ್ಲೇ ಮಣ್ಣಾದರು, ಯಾರೂ ಬರೆಸಲೇ ಇಲ್ಲ. ವರ್ಷ ದಾಟಿದ ಇಂಥವಕ್ಕೆ ಮೊದಲು ಕೋರ್ಟಿಗೇ ಹೋಗಬೇಕಿತ್ತು. 2023ರ ತಿದ್ದುಪಡಿ ಆ ವರ್ಷ ಅಕ್ಟೋಬರ್ 1ಕ್ಕೆ ಜಾರಿಯಾದ ಮೇಲೆ ಜಿಲ್ಲಾಧಿಕಾರಿ, ಎಸಿ (ಉಪವಿಭಾಗಾಧಿಕಾರಿ), ಇಲ್ಲವೇ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಅಧಿಕಾರಿ ಆದೇಶ ಮಾಡಬಹುದು. ರಿಜಿಸ್ಟರಿನಲ್ಲಿ ಆ ಸಾವಿನ ದಾಖಲೆ ಇಲ್ಲ ಅನ್ನೋ ಪತ್ರವನ್ನು ಮೊದಲು ತಗೊಂಡು ಹೋಗಿ. ಅದಿಲ್ಲದೇ ಹೋದರೆ ಒಂದು ದಿನದ ಕೂಲಿ ವ್ಯರ್ಥ.

ಇನ್ನೊಂದು ಗೊಂದಲ. "ಸರ್ಟಿಫಿಕೇಟಲ್ಲಿ ಕೊರೊನಾ ಅಂತ ಬರೆದೇ ಇಲ್ಲ" ಅಂತ ಈಗಲೂ ಕೇಳುತ್ತಾರೆ. ಯಾರ ಡೆತ್ ಸರ್ಟಿಫಿಕೇಟಿನಲ್ಲೂ ಸಾವಿನ ಕಾರಣ ಇರಲ್ಲ, ಅದನ್ನು ಕಾಣಿಸಬಾರದು ಅಂತ ಕಾಯ್ದೆಯೇ ಹೇಳುತ್ತದೆ. ಕಾರಣ ಇರೋದು ಡಾಕ್ಟರ್ ತುಂಬುವ ಬೇರೆ ಫಾರಂನಲ್ಲಿ. ಕೋವಿಡ್ ಸಾವಿಗೆ 50,000 ರೂಪಾಯಿ ಪರಿಹಾರ ಬಂದದ್ದು ಸುಪ್ರೀಂ ಕೋರ್ಟಿನ 2021ರ ಜೂನ್ 30ರ ತೀರ್ಪಿನ ನಂತರ. ಪಾಸಿಟಿವ್ ಬಂದ 30 ದಿನದೊಳಗೆ ಆದ ಸಾವನ್ನು, ಆಸ್ಪತ್ರೆಯ ಹೊರಗೆ ಆಗಿದ್ದರೂ, ಕೋವಿಡ್ ಸಾವು ಅಂತಲೇ ಹಿಡಿಯಬೇಕು ಅಂತ ಮಾರ್ಗಸೂಚಿ ಇತ್ತು. ಈ ಹೆಣ್ಣುಮಗಳ ತಾಯಿಗೆ ಕೊನೆಗೆ ನೆಗೆಟಿವ್ ಬಂದು ಬೇರೆ ವಾರ್ಡಿಗೆ ಹಾಕಿದ್ದರು, ನಾಲ್ಕನೇ ದಿನ ಹೋದರು, ಫಾರಂನಲ್ಲಿ ಹೃದಯಾಘಾತ ಅಂತ ಬಿತ್ತು. ಪಾಸಿಟಿವ್ ಬಂದು 19 ದಿನ ಆಗಿತ್ತು ಅಷ್ಟೇ. ಲೆಕ್ಕಕ್ಕೆ ಬರುತ್ತಿತ್ತು. ಅವರಿಗೆ ಯಾರೂ ಹೇಳಲಿಲ್ಲ. 2022ರ ಮಾರ್ಚ್ 20ಕ್ಕಿಂತ ಮೊದಲಿನ ಸಾವುಗಳಿಗೆ ಅರ್ಜಿ ಹಾಕಲು ಕೊಟ್ಟಿದ್ದು 60 ದಿನ, ಅದು ಯಾವತ್ತೋ ಮುಗಿಯಿತು. ಇದನ್ನು ಹೇಳುವಾಗ ನನಗೆ ಅವರ ಮುಖ ನೋಡೋಕಾಗಲಿಲ್ಲ.

ಇನ್ನು ವಂಶವೃಕ್ಷ, ಅಂದರೆ ತೀರಿಕೊಂಡವರಿಗೆ ಯಾರ್ಯಾರು ವಾರಸುದಾರರು ಅಂತ ತೋರಿಸೋ ಕಾಗದ. ನಾಡಕಚೇರಿಯಲ್ಲಿ ಅರ್ಜಿ, ಜೊತೆಗೆ ಅಫಿಡವಿಟ್. ಇಲ್ಲಿ ಕಾಗುಣಿತಕ್ಕಿಂತ ದೊಡ್ಡ ತಪ್ಪು ಬೇಕಂತಲೇ ನಡೆಯುತ್ತದೆ. ಕೊಟ್ಟ ಹೆಣ್ಣುಮಕ್ಕಳ ಹೆಸರು ಬಿಡುತ್ತಾರೆ. "ಅಕ್ಕಗೆ ಮದುವೆ ಖರ್ಚು ಮಾಡೀವಲ್ಲ ಸರ" ಅಂತಾರೆ. ಮದುವೆ ಖರ್ಚು ಪಾಲಲ್ಲ. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗನಷ್ಟೇ ಪಾಲಿದೆ, ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿ ಮಗಳನ್ನೂ ಮಗನ ಸಮ ಮಾಡಿತು. ಎಲ್ಲರೂ ಮರೆಯೋದು ಇನ್ನೊಬ್ಬರನ್ನು: ಮಗ ತೀರಿಕೊಂಡು ಅವನ ತಾಯಿ ಬದುಕಿದ್ದರೆ ಆ ಅಜ್ಜಿಯೂ ಮೊದಲ ವರ್ಗದ ವಾರಸುದಾರಳು. ಕೊರೊನಾ ಕಾಲದಲ್ಲಿ ಎಪ್ಪತ್ತರ ಮಗ ಹೋಗಿ ತೊಂಬತ್ತರ ತಾಯಿ ಉಳಿದ ಮನೆಗಳನ್ನು ನಾನೇ ಕಂಡಿದ್ದೇನೆ. ಅಜ್ಜಿ ಪಡಸಾಲೆಯಲ್ಲೇ ಕೂತಿರುತ್ತಾಳೆ, ವಂಶವೃಕ್ಷದಲ್ಲಿ ಮಾತ್ರ ಇರಲ್ಲ.

ಅಕ್ಕತಂಗಿಯರು ಮನಸಾರೆ ಬಿಟ್ಟುಕೊಡುತ್ತಾರೆ ಅಂದರೆ ಬಿಡಲಿ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಬಾಂಡ್ ಪೇಪರ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ನಡೆಯಲ್ಲ.

ಬ್ಯಾಂಕಿನ ಕೆಲಸ ಇದಕ್ಕಿಂತ ಹಗುರ. ನಾಮಿನಿ ಇದ್ದರೆ ವಾರಸಾ ಸರ್ಟಿಫಿಕೇಟ್ ಕೇಳಬಾರದು, 15 ದಿನದಲ್ಲಿ ಇತ್ಯರ್ಥ ಮಾಡಬೇಕು ಅಂತ ರಿಸರ್ವ್ ಬ್ಯಾಂಕ್ 2005ರಲ್ಲೇ ಹೇಳಿದೆ. ನಾಮಿನಿ ದುಡ್ಡು ತಗೊಳ್ಳೋಕೆ ಮಾತ್ರ, ಒಡೆಯ ಅಲ್ಲ, ಉಳಿದವರ ಪಾಲು ಉಳಿದವರಿಗೆ. ಮತ್ತೆ ದಯವಿಟ್ಟು ಹೋದವರ ಎಟಿಎಂ ಕಾರ್ಡ್ ಉಜ್ಜಬೇಡಿ. ಪಿಂಚಣಿ ಬೀಳ್ತಾ ಇದೆ ಅಂತ ತೆಗೆಯುತ್ತಾ ಹೋದರೆ ಆಮೇಲೆ ಅದು ವಸೂಲಿಗೆ ಬರುತ್ತದೆ.

ಮತ್ತೆ ಆ ಹೆಣ್ಣುಮಗಳ ವಿಷಯ. ಅವರ ಕಡತಕ್ಕೆ ಹೆಸರಿನದಲ್ಲದೇ ಜಿಲ್ಲೆಯ ಕಾಟವೂ ಇತ್ತು. ಹರಪನಹಳ್ಳಿ ಮೊದಲು ಬಳ್ಳಾರಿಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇಲ್ಲಿಗೆ ಬಂತು. 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು. ಈಗ ವಿಜಯನಗರ ಜಿಲ್ಲೆ. ಕ್ರಯಪತ್ರದಲ್ಲಿ ಬಳ್ಳಾರಿ, ರೇಷನ್ ಕಾರ್ಡಿನಲ್ಲಿ ದಾವಣಗೆರೆ, ಹೊಸ ಪಹಣಿಯಲ್ಲಿ ವಿಜಯನಗರ. ಸಾವಿನ ನೋಂದಣಿ ಮಾತ್ರ ದಾವಣಗೆರೆಯಲ್ಲಿ, ಯಾಕೆಂದರೆ ಊರು ಎಲ್ಲಿದ್ದರೂ ಸಾವು ಆದ ಜಾಗದಲ್ಲೇ ಬರೆಸಬೇಕು. ಅಲ್ಲಿಯವರು "ಸರ್ಟಿಫಿಕೇಟ್ ನಮ್ಮ ಜಿಲ್ಲೆಯದಲ್ಲ" ಅಂದರೆ, ಇಲ್ಲಿಯವರು "ಜಮೀನು ನಮ್ಮದಲ್ಲ" ಅಂದಿದ್ದಾರೆ. ಇಬ್ಬರದ್ದೂ ನಿಜವೇ. ಸರ್ಟಿಫಿಕೇಟ್ ಯಾವ ಜಿಲ್ಲೆಯದಾದರೂ ಪೌತಿ ಖಾತೆಗೆ ನಡೆಯುತ್ತದೆ ಅಂತ ಒಂದು ಮಾತು ಹೇಳಿದ್ದರೆ ಆಕೆಯ ಅರ್ಧ ಓಡಾಟ ತಪ್ಪುತ್ತಿತ್ತು.

ಪೌತಿ ಖಾತೆ ಆದರೆ ಎಲ್ಲಾ ಮುಗಿಯಿತು ಅಂತಲ್ಲ. ಅದು ಕಂದಾಯದ ದಾಖಲೆ, ಪಾಲು ಅದರಿಂದ ಹುಟ್ಟಲ್ಲ. ಆದರೆ ಸಾಲಕ್ಕೆ, ಬೆಳೆ ಪರಿಹಾರಕ್ಕೆ ಪಹಣಿಯಲ್ಲಿ ಬದುಕಿರುವವರ ಹೆಸರು ಬೇಕಲ್ಲ. ಇಷ್ಟು ವರ್ಷದಲ್ಲಿ ಅವರ ಮನೆಗೆ ಒಂದು ರೂಪಾಯಿ ಪರಿಹಾರ ಬಂದಿಲ್ಲ.

ಅಫಿಡವಿಟ್ ಟೈಪ್ ಆಗಿದೆ. ಮಹಜರಿಗೆ ಅಕ್ಕಪಕ್ಕದ ಹೊಲದವರು ಇಬ್ಬರು ಒಪ್ಪಿದ್ದಾರೆ. ಅವರ ತಂಗಿ ಇರೋದು ಬೆಂಗಳೂರಲ್ಲಿ, ಗಾರ್ಮೆಂಟ್ಸ್ ಕೆಲಸ, ಹಬ್ಬಕ್ಕೆ ಬಿಟ್ಟರೆ ರಜೆ ಸಿಗಲ್ಲ. ಅವರ ಸಹಿಯೊಂದು ಬಾಕಿ. ಬರುವಾಗ ಆಧಾರ್ ಒರಿಜಿನಲ್ ತರೋಕೆ ಹೇಳಿದ್ದೇನೆ, ಅದರಲ್ಲಿ ತಾಯಿಯ ಹೆಸರು ಇದ್ದರೆ ಹೇಗಿದೆಯೋ ನೋಡಬೇಕು.