ಕೋಚ್ ಕೂಗಿದರೆ ತಂಡ ಗೆಲ್ಲುತ್ತದೆಯೇ?

ಸೋಲುತ್ತಿರುವ ಫುಟ್‌ಬಾಲ್ ತಂಡದ ಕೋಚ್ ಮೈದಾನದ ಗೆರೆಯ ಬಳಿ ಕೈಕಟ್ಟಿ ಸುಮ್ಮನೆ ನಿಂತಿದ್ದರೆ ನೋಡುವವರಿಗೆ ಮೈ ಉರಿಯುತ್ತದೆ. ‘ಈ ಮನುಷ್ಯನಿಗೆ ಬಿಸಿಯೇ ತಟ್ಟಿಲ್ಲ’ ಎನ್ನುತ್ತಾರೆ. ತಂಡ ಹೇಗೋ ಗೆದ್ದುಬಿಟ್ಟರೆ ಅದೇ ಮೌನಕ್ಕೆ ‘ಏನು ತಾಳ್ಮೆ!’ ಎಂಬ ಹೊಗಳಿಕೆ. ಕೋಚ್‌ಗಳ ಸಿಟ್ಟಿನ ಬಗ್ಗೆ ಇರುವ ನಂಬಿಕೆಗಳಲ್ಲಿ ಅರ್ಧಕ್ಕರ್ಧ ಹೀಗೆ ಫಲಿತಾಂಶ ಬಂದ ಮೇಲೆ ಹುಟ್ಟಿದವು. ಕಾರ್ಲೊ ಆಂಚೆಲೊಟ್ಟಿ ಒಂದು ಹುಬ್ಬು ಏರಿಸಿಕೊಂಡೇ ಕೋಚ್ ಆಗಿ ಐದು ಸಲ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಗೆದ್ದರು. ಡಿಯೆಗೊ ಸಿಮಿಯೊನೆ ಗೆರೆಯುದ್ದಕ್ಕೂ ಕುಣಿದಾಡಿಕೊಂಡೇ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ 2014 ಮತ್ತು 2021ರಲ್ಲಿ ಸ್ಪೇನ್‌ನ ಲೀಗ್ ಗೆದ್ದುಕೊಟ್ಟರು. ಸ್ವಭಾವವನ್ನಷ್ಟೇ ನೋಡಿದರೆ ಚರ್ಚೆ ಇಲ್ಲಿಗೇ ನಿಲ್ಲುತ್ತದೆ. ಸಿಟ್ಟು ಆಟದ ಯಾವ ಭಾಗವನ್ನು ಮುಟ್ಟುತ್ತದೆ ಎಂದು ನೋಡಿದರೆ ಮಾತ್ರ ಏನಾದರೂ ಸಿಗುತ್ತದೆ.

ಬೈಸಿಕೊಂಡ ಆಟಗಾರ ಹೆಚ್ಚು ಓಡುತ್ತಾನೆ, ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಟ್ಯಾಕಲ್‌ಗೆ ಬೇಗ ನುಗ್ಗುತ್ತಾನೆ. ಎದೆಬಡಿತ ಏರುತ್ತದೆ, ಅಡ್ರಿನಲಿನ್ ಹರಿಯುತ್ತದೆ. ಜೊತೆಗೇ ಗಮನದ ಹರವು ಕಿರಿದಾಗುತ್ತದೆ: ಚೆಂಡು ಕಾಣುತ್ತದೆ, ಬೆನ್ನ ಹಿಂದೆ ಓಡಿ ಬರುತ್ತಿರುವವನು ಕಾಣುವುದಿಲ್ಲ. ಉದ್ವೇಗ ಒಂದು ಮಟ್ಟದವರೆಗೆ ಸಹಾಯ ಮಾಡಿ ಆಮೇಲೆ ಕೆಡಿಸುತ್ತದೆ ಎಂಬ ಮಾತಿಗೆ ಎಲ್ಲರೂ ಮನಶ್ಶಾಸ್ತ್ರಜ್ಞರಾದ ಯೆರ್ಕ್ಸ್ ಮತ್ತು ಡಾಡ್ಸನ್ ಅವರ 1908ರ ಪ್ರಯೋಗವನ್ನು ಎತ್ತಿ ತೋರಿಸುತ್ತಾರೆ. ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಅದನ್ನು ಹಾಗೆಯೇ ಮೈದಾನಕ್ಕೆ ತರಬಾರದು. ಇನ್ನೂ ಹತ್ತಿರದ ಸಾಕ್ಷ್ಯವೆಂದರೆ ಬ್ಯಾರಿ ಸ್ಟಾ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ 304 ಹಾಫ್‌ಟೈಮ್ ಭಾಷಣಗಳನ್ನು ಅಳೆದರು. ಕೋಚ್ ಅಸಮಾಧಾನ ತೋರಿಸಿದಷ್ಟೂ ದ್ವಿತೀಯಾರ್ಧ ಸುಧಾರಿಸಿತು, ಆದರೆ ಅದು ತೀರಾ ಹೆಚ್ಚಾದಾಗ ಆಟ ಹದಗೆಟ್ಟಿತು. ಅವು ಶಾಲೆ-ಕಾಲೇಜು ತಂಡಗಳು ಎಂಬುದನ್ನು ಮರೆಯಬಾರದು. ಹುಡುಗರಲ್ಲಿ ಮೈಗಳ್ಳತನ ಸಾಮಾನ್ಯ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಪ್ರತಿಯೊಬ್ಬನ ಓಟವನ್ನೂ ಜಿಪಿಎಸ್ ಅಳೆಯುತ್ತದೆ. ಅಲ್ಲಿ ಕೊರತೆ ಬೀಳುವುದು ಬೆವರಿಗಿಂತ ಹೆಚ್ಚಾಗಿ ಹೊಂದಾಣಿಕೆಗೆ.

ಕೂಗು ಹೇಗೆ ಕೈಕೊಡುತ್ತದೆ ಎಂದು ಹತ್ತಿರದಿಂದ ನೋಡೋಣ. 60ನೇ ನಿಮಿಷ, ತಂಡ 0-1 ಹಿಂದಿದೆ. ಕೋಚ್ ‘ಒತ್ತಿ, ಮೇಲೆ ಹೋಗಿ!’ ಎಂದು ಅರಚುತ್ತಾರೆ. ಸ್ಟ್ರೈಕರ್ ಎದುರಾಳಿ ರಕ್ಷಣೆಯ ನಡುವೆ ನಿಲ್ಲುವ ಸೆಂಟರ್ ಬ್ಯಾಕ್‌ನತ್ತ ಬಾಣದಂತೆ ನೇರ ಓಡುತ್ತಾನೆ. ಅವನು ಓಡಬೇಕಾಗಿದ್ದದ್ದು ಬಿಲ್ಲಿನಂತೆ ಬಾಗಿ, ಇನ್ನೊಬ್ಬ ಸೆಂಟರ್ ಬ್ಯಾಕ್‌ಗೆ ಹೋಗುವ ಪಾಸಿನ ದಾರಿಯನ್ನು ತನ್ನ ಮೈಯ ನೆರಳಲ್ಲಿ ಮುಚ್ಚಿಕೊಂಡು. ಕೂಗು ಕೇಳದ ಮಿಡ್‌ಫೀಲ್ಡರ್‌ಗಳು ಅವನಿಂದ 10 ಮೀಟರ್ ಹಿಂದೆ ಇರುವ ಬದಲು 20-25 ಮೀಟರ್ ಹಿಂದೆ ಉಳಿದಿದ್ದಾರೆ. ಎದುರಾಳಿ ಆ ಜಾಗಕ್ಕೆ ಒಂದೇ ಒಂದು ಪಾಸ್ ಕೊಡುತ್ತಾನೆ. ಚೆಂಡು ಪಡೆದವನು ಆರಾಮಾಗಿ ತಿರುಗುತ್ತಾನೆ, ನಮ್ಮ ಸೆಂಟರ್ ಬ್ಯಾಕ್ ಅವನನ್ನು ತಡೆಯಲು ಮುಂದೆ ಬರುತ್ತಾನೆ, ಅವನ ಬೆನ್ನಿಗೆ ಬಯಲೇ ಬಯಲು. ಯಾರೂ ಸೋಮಾರಿತನ ಮಾಡಲಿಲ್ಲ, ಆದರೂ 0-2.

ಪ್ರೆಸ್, ಅಂದರೆ ಚೆಂಡು ಇರುವ ಎದುರಾಳಿಯ ಮೇಲೆ ತಂಡವಾಗಿ ಒತ್ತಡ ಹೇರುವುದು, ಶುರುವಾಗಬೇಕಾದದ್ದು ಕೂಗಿನಿಂದಲ್ಲ, ಸಂಜ್ಞೆಯಿಂದ: ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟಾಗ, ಮೊದಲ ಸ್ಪರ್ಶ ಕೆಟ್ಟಾಗ, ಚೆಂಡು ಪಡೆದವನ ಮುಖ ತನ್ನದೇ ಗೋಲಿನ ಕಡೆಗಿದ್ದಾಗ. ಕೂಗಲೇಬೇಕಿದ್ದರೆ ಅದರಲ್ಲಿ ಒಂದು ಹೆಸರು ಮತ್ತು ಒಂದು ಕೆಲಸ ಇರಬೇಕು. ‘ಇನ್ನೂ ಹಟ ಬೇಕು’ ಎಂದರೆ ಹನ್ನೊಂದು ಮಂದಿ ಹನ್ನೊಂದು ಥರ ಅರ್ಥ ಮಾಡಿಕೊಳ್ಳುತ್ತಾರೆ.

ಇಡೀ ತಂಡವೇ ಭಾವನೆಯ ಮೇಲೆ ತೇಲಿದರೆ ಏನಾಗುತ್ತದೆ ಎಂಬುದಕ್ಕೆ 2014ರ ಜುಲೈ 8ರ ಬ್ರೆಜಿಲ್-ಜರ್ಮನಿ ವಿಶ್ವಕಪ್ ಸೆಮಿಫೈನಲ್ಲೇ ಇದೆ. ಗಾಯಗೊಂಡಿದ್ದ ನೇಮಾರ್ ಅವರ ಅಂಗಿಯನ್ನು ಎತ್ತಿ ಹಿಡಿದು ರಾಷ್ಟ್ರಗೀತೆ ಹಾಡಿದ ಬ್ರೆಜಿಲ್ ತಂಡ 23ರಿಂದ 29ನೇ ನಿಮಿಷದೊಳಗೆ ನಾಲ್ಕು ಗೋಲು ಬಿಟ್ಟುಕೊಟ್ಟು 1-7ರಲ್ಲಿ ಸೋತಿತು. ಆ ಹೊತ್ತಿನಲ್ಲಿ ಬೇಕಿದ್ದದ್ದು ಚೆಂಡನ್ನು ಹೊರಗೆ ಹೊಡೆದು ಎರಡು ನಿಮಿಷ ಉಸಿರಾಡಿಸುವ ಒಬ್ಬ ನಾಯಕ. ನಾಯಕ ಥಿಯಾಗೊ ಸಿಲ್ವ ಕಾರ್ಡುಗಳ ಕಾರಣ ಹೊರಗಿದ್ದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೋಲೆಲ್ಲವನ್ನೂ ಕಣ್ಣೀರಿನ ತಲೆಗೆ ಕಟ್ಟಿದರೆ ತಪ್ಪಾದೀತು. 2016ರ ಮೇ 2ರಂದು ಇಂಗ್ಲೆಂಡ್‌ನ ಲೀಗ್ ಪ್ರಶಸ್ತಿಗೆ ಲೆಸ್ಟರ್ ಜೊತೆ ಪೈಪೋಟಿಯಲ್ಲಿದ್ದ ಟಾಟನ್‌ಹ್ಯಾಮ್‌ಗೆ ಅಂಥ ನೆಪವೂ ಇರಲಿಲ್ಲ. ಚೆಲ್ಸಿ ಎದುರು ವಿರಾಮಕ್ಕೆ 2-0 ಮುಂದಿದ್ದ ತಂಡ ಜಗಳಕ್ಕೆ ಬಿದ್ದು ಒಂಬತ್ತು ಹಳದಿ ಕಾರ್ಡ್ ಪಡೆಯಿತು, ಪಂದ್ಯ 2-2 ಆಯಿತು, ಪ್ರಶಸ್ತಿ ಲೆಸ್ಟರ್ ಪಾಲಾಯಿತು. ಕಾರ್ಡ್ ಬಿದ್ದ ಡಿಫೆಂಡರ್ ಮುಂದಿನ ಟ್ಯಾಕಲ್‌ಗೆ ಅರ್ಧ ಹೆಜ್ಜೆ ತಡ ಮಾಡುತ್ತಾನೆ. ಸಿಟ್ಟಿನ ಈ ಬೆಲೆ ಅಂಕಿಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಇನ್ನು ಹಾಫ್‌ಟೈಮ್. ನಿಯಮದ ಪ್ರಕಾರ ಹೆಚ್ಚೆಂದರೆ 15 ನಿಮಿಷ. ಒಳಗೆ ನಡೆದು ಬರಲು, ಮತ್ತೆ ಹೊರಡಲು ಮೂರು-ನಾಲ್ಕು ನಿಮಿಷ. ನೀರು, ಟೇಪ್, ಶೌಚಾಲಯ, ಫಿಸಿಯೊ ಎಂದು ಇನ್ನೊಂದು ಮೂರು. ಮಾತಿಗೆ ಉಳಿಯುವುದು ಎಂಟೊಂಬತ್ತು ನಿಮಿಷ. ಮೊದಲ ಎರಡು-ಮೂರು ನಿಮಿಷ ಆಟಗಾರರ ಕಿವಿಗೆ ಏನೂ ಇಳಿಯುವುದಿಲ್ಲ, ಎದೆಬಡಿತ ಇನ್ನೂ ಇಳಿದಿರುವುದಿಲ್ಲ. ಆ ಹೊತ್ತಿನಲ್ಲಿ ಕೋಚ್ ಬಾಗಿಲ ಹೊರಗೇ ನಿಂತು ಸಹಾಯಕರು ಮತ್ತು ವಿಡಿಯೊ ವಿಶ್ಲೇಷಕರ ಜೊತೆ ಮಾತಾಡಿ, ಎರಡೇ ವಿಷಯ ಆರಿಸಿಕೊಂಡು ಒಳಗೆ ಬರುವುದು ವಾಸಿ. ಮೂರು ಸರಿ, ನಾಲ್ಕಾದರೆ ಒಂದೂ ಉಳಿಯುವುದಿಲ್ಲ. ಬದಲಿ ಆಟಗಾರರನ್ನು ಇಳಿಸುವುದಿದ್ದರೆ ಇದೇ ಸಮಯ: ಐವರನ್ನು ಬದಲಿಸಲು ಅವಕಾಶವಿದ್ದರೂ ಅದಕ್ಕಾಗಿ ಆಟ ನಿಲ್ಲಿಸಲು ಸಿಗುವುದು ಮೂರೇ ಸಲ, ಹಾಫ್‌ಟೈಮ್ ಆ ಲೆಕ್ಕಕ್ಕೆ ಬರುವುದಿಲ್ಲ. ಅಷ್ಟೂ ಹೊತ್ತನ್ನು ಬೈಯುವುದರಲ್ಲೇ ಕಳೆದರೆ ಇದನ್ನೆಲ್ಲ ತೀರ್ಮಾನಿಸುವವರು ಯಾರು?

2005ರ ಚಾಂಪಿಯನ್ಸ್ ಲೀಗ್‌ನ ಇಸ್ತಾಂಬುಲ್ ಫೈನಲ್ ಅಂದ ಕೂಡಲೇ ಲಿವರ್‌ಪೂಲ್‌ನ ಛಲ ಎನ್ನುತ್ತಾರೆ. ಮಿಲಾನ್ ಎದುರು 0-3 ಇದ್ದಾಗ ಹಾಫ್‌ಟೈಮ್‌ನಲ್ಲಿ ಲಿವರ್‌ಪೂಲ್ ಕೋಚ್ ರಫಾ ಬೆನಿಟೆಜ್ ಮೊದಲು ಡಿಫೆಂಡರ್ ಟ್ರಾವೊರೆಯನ್ನು ತೆಗೆಯುವುದೆಂದು ಹೇಳಿದ್ದರು. ಅಷ್ಟರಲ್ಲಿ ಇನ್ನೊಬ್ಬ ಡಿಫೆಂಡರ್ ಫಿನ್ನನ್‌ಗೆ ಗಾಯವಾಗಿದೆ ಎಂದು ಗೊತ್ತಾಗಿ ಲೆಕ್ಕ ಬದಲಾಯಿತು. ಫಿನ್ನನ್ ಬದಲು ಮಿಡ್‌ಫೀಲ್ಡರ್ ಹಾಮನ್ ಒಳಗೆ ಬಂದರು, ಹಿಂದೆ ಡಿಫೆಂಡರ್‌ಗಳು ಮೂವರಾದರು, ಮಧ್ಯದಲ್ಲಿ ಮಿಲಾನ್‌ನ ಕಾಕಾಗೆ ಸಿಗುತ್ತಿದ್ದ ಜಾಗ ಕಿರಿದಾಯಿತು. ಗೋಲುಗಳು 54, 56, 60ನೇ ನಿಮಿಷದಲ್ಲಿ ಬಂದವು. ಛಲ ಇರಲಿಲ್ಲ ಎಂದಲ್ಲ, ಅದಕ್ಕೆ ಹೋಗಲು ದಾರಿ ಮಾಡಿಕೊಟ್ಟದ್ದು ಆ ಬದಲಾವಣೆ. ಚೆಲ್ಸಿ ಕೋಚ್ ಆಗಿದ್ದ ಆಂಟೋನಿಯೊ ಕಾಂಟೆ ಅವರಂಥ ಸಿಡಿಮದ್ದಿನ ವಿಷಯದಲ್ಲೂ ಅಷ್ಟೇ. 2016ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರು ಚೆಲ್ಸಿ 0-3ರಲ್ಲಿ ಸೋತ ದಿನ ಅವರು ದ್ವಿತೀಯಾರ್ಧದಲ್ಲಿ ಹಿಂದೆ ಮೂವರನ್ನು ನಿಲ್ಲಿಸಿದರು. ಆಮೇಲೆ ಲೀಗ್‌ನಲ್ಲಿ ಸತತ 13 ಗೆಲುವು, ಕೊನೆಗೆ ಪ್ರಶಸ್ತಿ.

ಯಾರನ್ನು ಬೈಯಬೇಕು ಎಂಬುದು ಎಷ್ಟು ಬೈಯಬೇಕು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಆಗಿದ್ದ ಅಲೆಕ್ಸ್ ಫರ್ಗ್ಯೂಸನ್ ಅವರ ಆರ್ಭಟ ಜಗತ್ಪ್ರಸಿದ್ಧ, ಆದರೆ ಅದು ತಂಡದ ತಾರೆ ಎರಿಕ್ ಕ್ಯಾಂಟೊನಾ ಮೇಲೆ ತಿರುಗುತ್ತಿರಲಿಲ್ಲ ಎಂದು ಅಂದಿನ ಸಹ ಆಟಗಾರರೇ ಹೇಳಿದ್ದಾರೆ. 2003ರ ಫೆಬ್ರವರಿಯಲ್ಲಿ ಅವರು ಒದ್ದ ಬೂಟು ಡೇವಿಡ್ ಬೆಕ್‌ಹ್ಯಾಮ್ ಕಣ್ಣಿನ ಮೇಲೆ ಗಾಯ ಮಾಡಿತು. ಅದೇ ಬೇಸಿಗೆಯಲ್ಲಿ ಬೆಕ್‌ಹ್ಯಾಮ್ ಹೊರಟುಹೋದರು. ಆ ವರ್ಷ ಲೀಗ್ ಗೆದ್ದದ್ದೂ ಯುನೈಟೆಡ್ಡೇ! ಸ್ಥಾನವನ್ನೂ ನೋಡಬೇಕು. ವಿಂಗರ್‌ಗೋ ಚೆಂಡು ಕಸಿಯುವ ಮಿಡ್‌ಫೀಲ್ಡರ್‌ಗೋ ಸ್ವಲ್ಪ ಬಿಸಿ ತಡೆದೀತು. ಗೋಲ್‌ಕೀಪರ್‌ಗೆ ಮತ್ತು ಆಟ ಕಟ್ಟುವವನಿಗೆ ಅದು ವಿಷ.

ಉಲ್ಲಾಸದ ಆವೇಶ ಮಾತ್ರ ಬೇರೆ ಜಾತಿಯದು. ಪೆನಾಲ್ಟಿ ಶೂಟ್‌ಔಟ್‌ಗಳನ್ನು ಪರಿಶೀಲಿಸಿದ ಮಾಲ್, ಯೋರ್ಡೆಟ್ ಮತ್ತು ಪೆಪಿಂಗ್ ಅವರ 2010ರ ಅಧ್ಯಯನದಲ್ಲಿ, ಗೋಲು ಹೊಡೆದು ಎರಡೂ ಕೈ ಎತ್ತಿ ಸಂಭ್ರಮಿಸಿದವರ ತಂಡಗಳು ಗೆದ್ದದ್ದೇ ಹೆಚ್ಚು.

ಬೈದ ಮೇಲೆ ತಂಡ ಸುಧಾರಿಸಿತು ಎಂದು ಎದೆ ತಟ್ಟಿಕೊಳ್ಳುವ ಮುನ್ನ ಒಂದು ಅನುಮಾನ ಇಟ್ಟುಕೊಳ್ಳಿ. ತೀರಾ ಕೆಟ್ಟ 45 ನಿಮಿಷದ ನಂತರದ 45 ನಿಮಿಷ ಏನೂ ಮಾಡದಿದ್ದರೂ ಸ್ವಲ್ಪ ಚೆನ್ನಾಗಿರುವ ಸಂಭವವೇ ಹೆಚ್ಚು. ಡಚ್ ಲೀಗ್‌ನ ಅಧ್ಯಯನವೊಂದರಲ್ಲಿ ಸೋಲಿನ ಸರಣಿಯ ನಂತರ ಕೋಚ್‌ನನ್ನು ಕಿತ್ತುಹಾಕಿದ ತಂಡಗಳು ಚೇತರಿಸಿಕೊಂಡಿದ್ದವು, ಉಳಿಸಿಕೊಂಡ ತಂಡಗಳೂ ಚೇತರಿಸಿಕೊಂಡಿದ್ದವು. ಹಾಗಾಗಿ ಸ್ಕೋರ್ ಬಿಟ್ಟು 46ರಿಂದ 56ನೇ ನಿಮಿಷದ ವಿಡಿಯೊ ನೋಡಬೇಕು: ಸ್ಟ್ರೈಕರ್‌ಗೂ ಕೊನೆಯ ಡಿಫೆಂಡರ್‌ಗೂ ನಡುವಿನ ದೂರ ಎಷ್ಟಿದೆ, ಚೆಂಡು ಕಸಿದ ಮೇಲಿನ ಮೊದಲ ಪಾಸ್ ನಮ್ಮವನಿಗೇ ಸೇರಿತೇ, ಫೌಲ್‌ಗಳು ಯಾವ ಕಡೆ ಆದವು. ಓಟ ಜಾಸ್ತಿಯಾಗಿ, ಮೊದಲ ಪಾಸೇ ಕಳೆದುಹೋಗುತ್ತಾ, ಫೌಲ್‌ಗಳು ನಮ್ಮ ಪೆನಾಲ್ಟಿ ಪೆಟ್ಟಿಗೆಯ ಹತ್ತಿರ ಸರಿದಿದ್ದರೆ ಮಾತು ಮಿತಿ ಮೀರಿದೆ ಎಂದೇ ಅರ್ಥ. ಆಗ ಮೊದಲು ಹೊರಗೆ ಕರೆಸಬೇಕಾದವನು ಹಳದಿ ಕಾರ್ಡ್ ಇಟ್ಟುಕೊಂಡೂ ಟ್ಯಾಕಲ್‌ಗೆ ನುಗ್ಗುತ್ತಿರುವವನು.