ಮುದ್ದೆ ಇಲ್ಲದ ಬಸಿರಿನ ಪುಸ್ತಕ

ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಮೇಜಿನ ಮೇಲೆ ಒಂದು ದಪ್ಪನೆಯ ಇಂಗ್ಲಿಷ್ ಪುಸ್ತಕ ಇಟ್ಟಿರುತ್ತಿದ್ದೆ. ಹೊಳೆಯುವ ಹಾಳೆ, ವಾರವಾರಕ್ಕೂ ಹೊಟ್ಟೆಯೊಳಗಿನ ಮಗುವಿನ ಬಣ್ಣದ ಚಿತ್ರ. ಓದುವ ಅಭ್ಯಾಸ ಇರುವ ಬಸುರಿಯರು ಬಂದರೆ ಎರವಲು ಕೊಡುತ್ತಿದ್ದೆ. ಮಂಡ್ಯ ಕಡೆಯ ಒಬ್ಬರು ಟೀಚರ್ ಅದನ್ನು ಹದಿನೈದು ದಿನಕ್ಕೇ ವಾಪಸ್ ತಂದರು. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕಿ ಜೋಪಾನ ಮಾಡಿದ್ದರು. "ಪುಸ್ತಕ ಚೆನ್ನಾಗಿದೆ ಮೇಡಂ. ಆದ್ರೆ ಊಟದ ಅಧ್ಯಾಯ ಎರಡು ಸಲ ಓದಿದೆ, ಮುದ್ದೆನೇ ಇಲ್ವಲ್ಲ?" ಅಂದರು.

ನಿಜ, ಇರಲಿಲ್ಲ. ಓಟ್ಸ್ ಇತ್ತು, ಸಾಲ್ಮನ್ ಮೀನಿತ್ತು, ಯಾವ ಯಾವ ಚೀಸ್ ತಿನ್ನಬಾರದು ಎಂದು ಎರಡು ಪುಟದ ಎಚ್ಚರಿಕೆ ಇತ್ತು. ಅವರ ಮನೆಗೆ ಚೀಸ್ ಬರುವುದೇ ಅಪರೂಪ. ದಿನಾ ಬೇಯುವುದು ಮುದ್ದೆ, ಉಪ್ಸಾರು, ಹುರುಳಿಕಾಳು, ಸೊಪ್ಪು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಬಸುರಿಗೆ ಅದಕ್ಕಿಂತ ಅಗ್ಗದ, ಒಳ್ಳೆಯ ಊಟ ಹುಡುಕುವುದು ಕಷ್ಟ. ಅದನ್ನು ಹೇಳಬೇಕಾದ ಪುಸ್ತಕ ಅವರಿಗೆ ಬ್ಲೂಬೆರಿ ತಿನ್ನಿ ಎನ್ನುತ್ತಿತ್ತು. ಆವತ್ತಿನಿಂದ ಆ ಪುಸ್ತಕ ನನ್ನ ಕಪಾಟು ಸೇರಿತು.

"ಯಾವ ಬುಕ್ ಓದ್ಲಿ ಮೇಡಂ?" ಎಂದು ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ನಾನು ಹೆಸರು ಹೇಳುವುದಿಲ್ಲ. ಅಂಗಡಿಯಲ್ಲಿ ನಿಂತು ಏನೇನು ತೆರೆದು ನೋಡಬೇಕು ಎಂದು ಹೇಳುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಈ ಪುಸ್ತಕ ಯಾವ ದೇಶದ ಬಸುರಿಗೆ ಬರೆದದ್ದು ಎಂದು ನೋಡಿ. ಉಡುಪಿ ಕಡೆಯ ಒಬ್ಬ ಹೆಣ್ಣುಮಗಳು ಮೂರು ತಿಂಗಳು ಬಂಗುಡೆ ಮುಟ್ಟಿರಲಿಲ್ಲ. ಮೀನಿಲ್ಲದೆ ಊಟ ಸೇರದೆ ತೂಕ ನಿಂತುಹೋಗಿತ್ತು. ವಿಚಾರಿಸಿದರೆ, ಅಮೆರಿಕದ ಪುಸ್ತಕವೊಂದು ಕಿಂಗ್ ಮ್ಯಾಕೆರಲ್ ತಿನ್ನಬೇಡಿ, ಅದರಲ್ಲಿ ಪಾದರಸ ಜಾಸ್ತಿ ಎಂದಿತ್ತಂತೆ. ಬಂಗುಡೆಗೆ ಇಂಗ್ಲಿಷಿನಲ್ಲಿ ಮ್ಯಾಕೆರಲ್ ತಾನೇ! ಆದರೆ ಆ ಮ್ಯಾಕೆರಲ್ಲೇ ಬೇರೆ, ಈ ಮ್ಯಾಕೆರಲ್ಲೇ ಬೇರೆ. ಅದು ನಮ್ಮ ಅಂಜಲ್ ಜಾತಿಯ ದೊಡ್ಡ ಮೀನು. ಚಿಕ್ಕ ಮೀನನ್ನು ದೊಡ್ಡದು ತಿಂದು, ಅದನ್ನು ಇನ್ನೂ ದೊಡ್ಡದು ತಿಂದು, ಪಾದರಸ ಮೇಲಿನವುಗಳ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಬಂಗುಡೆ, ಬೂತಾಯಿ ಚಿಕ್ಕವು, ಹೆಚ್ಚು ವರ್ಷ ಬದುಕುವವೂ ಅಲ್ಲ. ಬಸುರಿಗೆ ಬೇಕಾದ ಪ್ರೋಟೀನು, ಒಳ್ಳೆಯ ಕೊಬ್ಬು ಎಲ್ಲ ಅದರಲ್ಲಿದೆ. ಚೆನ್ನಾಗಿ ಬೇಯಿಸಿ ತಿನ್ನಿ ಎಂದೆ. ಕಣ್ಣಲ್ಲಿ ನೀರು ಬಂತು ಅವರಿಗೆ. ಬಂಗುಡೆಗಾಗಿ ಅತ್ತವರನ್ನು ನಾನು ನೋಡಿದ್ದು ಅದೊಂದೇ ಸಲ.

ಇನ್ನೊಂದು ಸಲ ರಾತ್ರಿ ಹತ್ತು ಗಂಟೆಗೆ ಒಬ್ಬ ಗಂಡನ ಫೋನು. ಸಾಫ್ಟ್‌ವೇರ್ ಕೆಲಸ, ಗಾಬರಿಯ ದನಿ. "ಡಾಕ್ಟ್ರೇ, ಖಾಲಿ ಹೊಟ್ಟೆ ಶುಗರ್ 5ರ ಆಸುಪಾಸು ಇರ್ಬೇಕು ಅಂತ ಬುಕ್ಕಲ್ಲಿದೆ. ಇವಳದ್ದು 86 ಬಂದಿದೆ!" ಪುಸ್ತಕ ಬ್ರಿಟನ್ನಿನದು. ಅಲ್ಲಿ ಅಳೆಯುವುದು ಮಿಲಿಮೋಲ್‌ನಲ್ಲಿ, ನಮ್ಮ ಲ್ಯಾಬ್‌ಗಳು ಬರೆಯುವುದು ಮಿಲಿಗ್ರಾಂನಲ್ಲಿ. 86ನ್ನು 18ರಿಂದ ಭಾಗಿಸಿದರೆ 4.8. ಹೆಂಡತಿಯ ಶುಗರ್ ಸರಿಯಾಗಿಯೇ ಇತ್ತು. ಆಮೇಲೆ ಗಂಡನ ಬಿ.ಪಿ. ನೋಡಬೇಕಾಯಿತೇನೋ.

ಶುಗರ್ ಪರೀಕ್ಷೆಯದ್ದೂ ಇದೇ ಕಥೆ. ಅಮೆರಿಕದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೊದಲು 50 ಗ್ರಾಂ ಗ್ಲೂಕೋಸ್ ಕುಡಿಸಿ ಒಂದು ಗಂಟೆಗೆ ರಕ್ತ ತೆಗೆಯುತ್ತಾರೆ. ನಮ್ಮ ಸರ್ಕಾರಿ ಕ್ರಮದಲ್ಲಿ 75 ಗ್ರಾಂ, ಎರಡು ಗಂಟೆ. ತಿಂಡಿ ತಿಂದು ಬಂದಿದ್ದರೂ ನಡೆಯುತ್ತದೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲೇ ಒಂದು ಸಲ, ಸರಿ ಇದ್ದರೆ 24ರಿಂದ 28ನೇ ವಾರದೊಳಗೆ ಇನ್ನೊಂದು ಸಲ. ಎರಡು ದೇಶಕ್ಕೆ ಎರಡು ದಾರಿ, ಯಾವುದೂ ತಪ್ಪಲ್ಲ. ಆದರೆ "ಬುಕ್ಕಲ್ಲಿ ಬೇರೆ ಇದೆ" ಎಂದು ಅರ್ಧ ಗ್ಲಾಸ್ ಚೆಲ್ಲಿ ಕೂತವರನ್ನು ನೋಡಿದ್ದೇನೆ.

ಕಬ್ಬಿಣದ ಮಾತ್ರೆಯ ವಿಷಯದಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ. ಬ್ರಿಟನ್ನಿನ ಪುಸ್ತಕಗಳು ರಕ್ತ ಕಡಿಮೆ ಇದ್ದವರಿಗಷ್ಟೇ ಕಬ್ಬಿಣ ಎನ್ನುತ್ತವೆ. ಅಲ್ಲಿಗೆ ಅದು ಸರಿ. ಇಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರರಲ್ಲಿ 52 ಬಸುರಿಯರಿಗೆ ರಕ್ತಹೀನತೆ. ಹಾಗಾಗಿ ನಮ್ಮಲ್ಲಿ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಎಲ್ಲರಿಗೂ ಮಾತ್ರೆ. ಪುಸ್ತಕ ಓದಿ ಮಾತ್ರೆ ಬಿಟ್ಟ ಒಬ್ಬರು ಏಳನೇ ತಿಂಗಳಲ್ಲಿ ಬಂದಾಗ ಹಿಮೋಗ್ಲೋಬಿನ್ 8.6 ಇತ್ತು. 11 ಇರಬೇಕಾದ ಕಡೆ. ಆ ಪುಸ್ತಕ ಸುಳ್ಳು ಹೇಳಿರಲಿಲ್ಲ. ಅದು ಮಾತಾಡುತ್ತಿದ್ದದ್ದು ಬೇರೆಯವರ ಹತ್ತಿರ. ಮಾತ್ರೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇನ್ನೂ ಎರಡು ಸಾಲು ಹುಡುಕಿ: ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಕಾಫಿ ಟೀ ಬೇಡ. ಈ ಎರಡು ಸಾಲು ಬರೆದವರು ಬಸುರಿಯರ ಜೊತೆ ಕೂತು ಮಾತಾಡಿದ್ದಾರೆ ಎಂದೇ ಲೆಕ್ಕ.

ಲಂಡನ್ನಿನಲ್ಲೋ ಡಲ್ಲಾಸ್‌ನಲ್ಲೋ ಇರುವ ಮಗಳಿಗೆ ಇಲ್ಲಿಂದ ಪುಸ್ತಕ ಕಳಿಸುವ ಅಮ್ಮಂದಿರಿಗೆ ಇದನ್ನೇ ತಿರುಗಿಸಿ ಹೇಳುತ್ತೇನೆ. ಅಡುಗೆಗೆ, ಬಾಣಂತನಕ್ಕೆ ನಿಮ್ಮ ಪುಸ್ತಕ ಕಳಿಸಿ. ಪರೀಕ್ಷೆ, ಮಾತ್ರೆಗೆ ಆ ಊರಿನದ್ದೇ ಇರಲಿ.

ಹೊರದೇಶದ ಪುಸ್ತಕದಲ್ಲಿ 20ನೇ ವಾರದ ಪುಟ ಬಂದರೆ ನನಗೆ ಸಣ್ಣ ದಿಗಿಲು. ಸ್ಕ್ಯಾನ್ ದಿನ ಗಂಡೋ ಹೆಣ್ಣೋ ತಿಳಿದುಕೊಳ್ಳುವ ಸಂಭ್ರಮ ಅಲ್ಲಿ ವರ್ಣರಂಜಿತವಾಗಿ ಇರುತ್ತದೆ. ಅದನ್ನೇ ತೋರಿಸಿ ಮುಗ್ಧವಾಗಿ ಕೇಳಿದ ದಂಪತಿ ಇದ್ದಾರೆ. ನಮ್ಮಲ್ಲಿ 1994ರ ಕಾಯ್ದೆಯ ಪ್ರಕಾರ ಹೇಳುವುದೂ ಅಪರಾಧ, ಹೇಳಿಸಿಕೊಳ್ಳಲು ಹೋಗುವುದೂ ಅಪರಾಧ. ಆ ಸ್ಕ್ಯಾನ್ ಇರುವುದು ಮಗುವಿನ ಹೃದಯ, ಬೆನ್ನುಹುರಿ, ಮೂತ್ರಪಿಂಡ ನೋಡಲು. ಗಂಡು ಮಗು ಹುಟ್ಟಲು ಏನು ತಿನ್ನಬೇಕು ಎಂದು ಬರೆದ ಪುಸ್ತಕ ಸಿಕ್ಕರೆ ಅಲ್ಲೇ ಇಟ್ಟು ಬನ್ನಿ. ಅದರ ಉಳಿದ ಪುಟ ನೋಡುವ ಅಗತ್ಯವೂ ಇಲ್ಲ.

ಇನ್ನು ಇಸವಿ. ಅಮ್ಮನ ಟ್ರಂಕಿನಿಂದ ಬಂದ ಹಳೇ ಪುಸ್ತಕಗಳ ಮೇಲೆ ನನಗೆ ಪ್ರೀತಿ ಇದೆ. ಕನ್ನಡ ಎಷ್ಟು ಸೊಗಸು ಅವುಗಳಲ್ಲಿ! ಆದರೆ ಕಾಲು ಊದಿದರೆ ಉಪ್ಪು ಬಿಡಿ, ಹೆರಿಗೆಗೆ ಮುಂಚೆ ಎನಿಮಾ ಎಂದೆಲ್ಲ ಇರುತ್ತದೆ. ಈಗ ಹಾಗೆ ಮಾಡುವುದಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಸಿರಿನಲ್ಲಿ ಕನಿಷ್ಠ ನಾಲ್ಕು ತಪಾಸಣೆ ಎಂಬುದನ್ನು ಎಂಟಕ್ಕೆ ಏರಿಸಿತು. ಬರೀ ಧನುರ್ವಾಯು ತಡೆಯುವ ಟಿ.ಟಿ. ಇಂಜೆಕ್ಷನ್ ಜಾಗಕ್ಕೆ ಈಗ ಟಿ.ಡಿ. ಬಂದಿದೆ, ಗಂಟಲುಮಾರಿಗೂ ಸೇರಿಸಿ. ಪುಸ್ತಕದ ಎರಡನೇ ಪುಟದಲ್ಲಿ ಮುದ್ರಣದ ವರ್ಷ ಇರುತ್ತದೆ. "ಮರುಮುದ್ರಣ" ಬೇರೆ, "ಪರಿಷ್ಕೃತ ಮುದ್ರಣ" ಬೇರೆ. ಮರುಮುದ್ರಣದಲ್ಲಿ ಹೊಸದಾಗಿರುವುದು ಕಾಗದ ಮಾತ್ರ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪುಟಕ್ಕೆ ಬರುತ್ತೇನೆ. ಕೆಲವು ವರ್ಷದ ಹಿಂದೆ 34 ವಾರದ ಬಸುರಿಯೊಬ್ಬರನ್ನು ಗಂಡ ಮಧ್ಯಾಹ್ನ ಕರೆದುಕೊಂಡು ಬಂದರು. ಬಿ.ಪಿ. 170/110. ಎರಡು ದಿನದಿಂದ ತಲೆನೋವು, ಬೆಳಗಿನಿಂದ ಕಣ್ಣು ಮಂಜು. ಕೈಯ ಬಳೆ ಬಿಗಿದು ಗುರುತು ಬಿದ್ದಿತ್ತು. ಯಾಕೆ ಕಾದಿರಿ ಎಂದು ಕೇಳಿದೆ. ಇಬ್ಬರೂ ಓದಿದವರು, ಮನೆಯಲ್ಲಿ ಪುಸ್ತಕ ಇತ್ತು, ತೆಗೆದು ನೋಡಿದ್ದರು. ಊತ ಎಂಬಲ್ಲಿ "ಕೊನೆಯ ತಿಂಗಳುಗಳಲ್ಲಿ ಸಾಮಾನ್ಯ" ಎಂದಿತ್ತು. ತಲೆನೋವು ಎಂಬಲ್ಲಿ "ವಿಶ್ರಾಂತಿ ಪಡೆಯಿರಿ" ಎಂದಿತ್ತು. ಒಂದೊಂದೂ ನಿಜವೇ. ಎರಡೂ ಒಟ್ಟಿಗೆ ಬಂದು, ಮುಖ ಕೈ ಊದಿ, ಕಣ್ಣು ಮಂಜಾದರೆ ಒಂದು ಗಂಟೆಯೂ ಕಾಯಬಾರದು ಎಂಬ ಮಾತು ಸುಮಾರು ಇನ್ನೂರು ಪುಟ ಆಚೆ, ಬೇರೊಂದು ಅಧ್ಯಾಯದ ಹೊಟ್ಟೆಯೊಳಗಿತ್ತು. ಆ ರಾತ್ರಿಯೇ ಆಪರೇಷನ್ ಮಾಡಿದೆವು. ಮಗು ಎರಡು ವಾರ ಐ.ಸಿ.ಯು.ನಲ್ಲಿತ್ತು. ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಬೆಳಗಿನ ಜಾವ ಆಕೆಗೆ ಫಿಟ್ಸ್ ಬಂದಿದ್ದರೆ ನಾನು ಈ ಅಂಕಣವನ್ನು ಬೇರೆ ದನಿಯಲ್ಲಿ ಬರೆಯುತ್ತಿದ್ದೆ.

ಹಾಗಾಗಿ ಅಂಗಡಿಯಲ್ಲೇ ಗಡಿಯಾರ ನೋಡಿಕೊಳ್ಳಿ. ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳೆಲ್ಲ ಒಂದೇ ಪುಟದಲ್ಲಿ ಸಿಗಬೇಕು, ಅರ್ಧ ನಿಮಿಷದೊಳಗೆ ಸಿಗಬೇಕು. ರಕ್ತ ಹೋಗುವುದು, ನೀರು ಒಡೆಯುವುದು, ಜೋರು ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಫಿಟ್ಸ್, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು. ಬೆಳಗಿನವರೆಗೆ ಕಾಯಬಹುದೋ, ಈಗಲೇ 108ಕ್ಕೆ ಫೋನ್ ಮಾಡಬೇಕೋ ಎಂದೂ ಹೇಳಿರಬೇಕು. "ವೈದ್ಯರನ್ನು ಸಂಪರ್ಕಿಸಿ" ಎಂದಷ್ಟೇ ಬರೆದರೆ ರಾತ್ರಿ ಎರಡು ಗಂಟೆಗೆ ಅದರಿಂದ ಏನೂ ಉಪಯೋಗವಿಲ್ಲ.

ಅಲುಗಾಟದ ಪುಟವನ್ನು ಬೇರೆಯಾಗಿಯೇ ಓದಿ. "ಒಂಬತ್ತನೇ ತಿಂಗಳಲ್ಲಿ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ" ಎಂದು ಬರೆದಿದ್ದರೆ ಪುಸ್ತಕ ಮುಚ್ಚಿ. ಒದೆಯುವ ಬಗೆ ಬದಲಾಗಬಹುದು, ಹೊರಳಿದಂತೆ ಅನಿಸಬಹುದು. ಆದರೆ ಕಡಿಮೆಯಾಗಬಾರದು. ಈ ಒಂದು ತಪ್ಪು ಮಾತು ಹಿರಿಯರ ಬಾಯಲ್ಲೂ ಇದೆ, ಅಚ್ಚಾದ ಪುಸ್ತಕದಲ್ಲೂ ಇದೆ.

ದುಡ್ಡು ಕೊಡುವ ಮುಂಚೆ ನಿಮ್ಮ ಬ್ಯಾಗಿನಲ್ಲೇ ಇರುವುದನ್ನು ನೋಡಿ. ಆಶಾ ಕಾರ್ಯಕರ್ತೆಯೋ ಸಿಸ್ಟರೋ ಕೊಟ್ಟ ತಾಯಿ ಕಾರ್ಡ್. ಬರೀ ಎಂಟ್ರಿ ಹಾಕಿಸುವ ಕಾರ್ಡ್ ಅದು ಎಂದುಕೊಂಡವರೇ ಜಾಸ್ತಿ. ಅಪಾಯದ ಲಕ್ಷಣಗಳ ಚಿತ್ರ, ಇಂಜೆಕ್ಷನ್ ಪಟ್ಟಿ, ಮಗುವಿನ ತೂಕದ ನಕ್ಷೆ ಎಲ್ಲ ಕನ್ನಡದಲ್ಲೇ ಇದೆ. ನಾನು ನೋಡಿದ ಎಷ್ಟೋ ದುಬಾರಿ ಪುಸ್ತಕಗಳಿಗಿಂತ ಅದರ ಅಪಾಯದ ಪುಟ ಚೆನ್ನಾಗಿದೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅಲ್ಲಿಗೂ ಇದೇ ಕಾರ್ಡ್ ಒಯ್ಯಬೇಕು.

ಉಚಿತವಾಗಿ ಕೈಗೆ ಬರುವ ಬಣ್ಣದ ಪುಸ್ತಿಕೆಗಳ ಬಗ್ಗೆ ಮಾತ್ರ ಹುಷಾರು. ಹಿಂದಿನ ರಟ್ಟಿನಲ್ಲಿ ಹಾಲಿನ ಪುಡಿಯ ಡಬ್ಬವೋ ಬಾಟಲಿಯೋ ಇದ್ದರೆ ಅದು ಜಾಹೀರಾತು. ಶಿಶುವಿನ ಹಾಲಿನ ಪುಡಿ, ಬಾಟಲಿ ಪ್ರಚಾರ ಮಾಡುವುದನ್ನು 1992ರ ಕಾಯ್ದೆಯೇ ತಡೆದಿದೆ.

ಬುದ್ಧಿವಂತ ಮಗು, ಬೆಳ್ಳಗಿನ ಮಗು ಗ್ಯಾರಂಟಿ ಎನ್ನುವ ಪುಸ್ತಕಗಳೂ ಈಗ ರಾಶಿ ರಾಶಿ. ಹಾಡು ಕೇಳಿ, ಒಳ್ಳೆಯದು ಓದಿ, ನನ್ನ ಅಡ್ಡಿಯಿಲ್ಲ. ಐದಾರು ತಿಂಗಳ ಹೊತ್ತಿಗೆ ಮಗುವಿಗೆ ಶಬ್ದ ಕೇಳಿಸಲು ಶುರುವಾಗುತ್ತದೆ. ಕೇಸರಿ ಹಾಲೂ ರುಚಿಗೆ ಕುಡಿಯಿರಿ, ಬಣ್ಣಕ್ಕಲ್ಲ. ಆದರೆ ಮಗುವಿನ ಆಗುಹೋಗೆಲ್ಲ ತಾಯಿಯ ಮನಸ್ಸಿನಿಂದಲೇ ಎಂದು ಬರೆದಾಗ ನನಗೆ ಸಿಟ್ಟು ಬರುತ್ತದೆ. ಹೃದಯದಲ್ಲಿ ರಂಧ್ರ ಇರುವ ಮಗುವನ್ನು ಹೆತ್ತ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು: "ನಾನು ಆ ಟೈಮಲ್ಲಿ ಅತ್ತಿದ್ದಕ್ಕಾ ಮೇಡಂ?"

ಗಂಡಂದಿರಿಗೆ ಕೊನೆಯಲ್ಲಿ ನಾಲ್ಕು ಪುಟ ಸೇರಿಸುವ ಪುಸ್ತಕಗಳು ಇಷ್ಟವಾಗುವುದಿಲ್ಲ ನನಗೆ. ಇಡೀ ಪುಸ್ತಕ ಅವರೂ ಓದಲಿ. ಓದಿ ಪೊಲೀಸ್ ಕೆಲಸ ಶುರು ಮಾಡಬಾರದು, ಅಷ್ಟೇ.

ನಮ್ಮ ಮನೆಗಳಲ್ಲಿ ಬಸುರಿಯ ತಟ್ಟೆಗೆ ಏನು ಬೀಳಬೇಕು ಎಂದು ತೀರ್ಮಾನಿಸುವವರು ಅತ್ತೆ ಅಥವಾ ಅಮ್ಮ. ಏಳನೇ ತಿಂಗಳಿಗೆ ಸೀಮಂತ, ಆಮೇಲೆ ತವರು. ಡಾಕ್ಟರೂ ಬದಲು, ಅಡುಗೆಯೂ ಬದಲು. ಇಂಗ್ಲಿಷ್ ಪುಸ್ತಕ ಆಕೆಯ ಸೂಟ್‌ಕೇಸಿನಲ್ಲೇ ಉಳಿಯುತ್ತದೆ. ಹಾಗಾಗಿ ಮನೆಯಲ್ಲಿ ಜೋರಾಗಿ ಓದಿ ಹೇಳಬಹುದಾದ ಕನ್ನಡದ ಪುಸ್ತಕ ಒಂದಾದರೂ ಇರಲಿ ಎನ್ನುತ್ತೇನೆ. ಅದು ಹೆರಿಗೆಯಲ್ಲೇ ಮುಗಿಯಬಾರದು, ಬಾಣಂತನದ ಪುಟಗಳಿರಬೇಕು. ಹಿರಿಯರನ್ನು ಗೇಲಿ ಮಾಡುವ ಪುಸ್ತಕ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಜರಡಿ ಹಿಡಿಯುವಂಥದ್ದು ದಾಟುತ್ತದೆ. ಎಣ್ಣೆ ನೀರು ಇರಲಿ, ಬೆಳ್ಳುಳ್ಳಿ, ಮೆಣಸಿನ ಸಾರು ಇರಲಿ. ಕೂಸಿನ ಮುಖಕ್ಕೆ ಸಾಂಬ್ರಾಣಿ ಹೊಗೆ ಬೇಡ, ಜೇನು ನೆಕ್ಕಿಸುವುದು ಬೇಡ, ಬಾಣಂತಿಗೆ ನೀರು ಕೊಡದೆ ಇರುವುದು ಬೇಡವೇ ಬೇಡ.

ಹೋದ ವರ್ಷ ಒಬ್ಬರು ಎರಡನೇ ಬಸಿರಿಗೆ ಬಂದಾಗ ಮೊದಲ ಸಲ ಓದಿದ ಕನ್ನಡ ಪುಸ್ತಕವನ್ನೇ ತಂದಿದ್ದರು. ಮೂಲೆಗಳು ಮಡಚಿಹೋಗಿದ್ದವು, ಒಂದು ಪುಟದಲ್ಲಿ ಅರಿಸಿನದ ಬೆರಳಚ್ಚು. ಹಾಲೂಡಿಸುವ ತಾಯಿ ಚೆನ್ನಾಗಿ ನೀರು ಕುಡಿಯಬೇಕು ಎಂಬ ಸಾಲಿನ ಪಕ್ಕ ಅವರ ಅಮ್ಮ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದರು: "ನಮಗೆ ಕೊಡ್ತಿರಲಿಲ್ಲ. ತುಂಬಾ ಬಾಯಾರ್ತಿತ್ತು."